ಐಕ್ಯಾನ್‌ನಲ್ಲಿ ಲೆಕ್ಕ ಕೇಳುವುದು ಹೇಗೆ: ಸ್ವಯಂಸೇವಕರಿಗೊಂದು ಕೈಪಿಡಿ

ಡಾಟ್ ಕಾಮ್, ಡಾಟ್ ಆರ್ಗ್ ಹೆಸರು ಕೊಂಡವರೆಲ್ಲ ಗೊತ್ತಿದ್ದೋ ಗೊತ್ತಿಲ್ಲದೆಯೋ ಐಕ್ಯಾನ್‌ಗೆ, ಅಂದರೆ ಇಂಟರ್‌ನೆಟ್‌ನ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆಗೆ, ದುಡ್ಡು ಕಟ್ಟುತ್ತಿದ್ದಾರೆ. ಹೆಸರೊಂದಕ್ಕೆ ವರ್ಷಕ್ಕೆ 18 ಸೆಂಟ್ ಇದ್ದದ್ದು 2025ರ ಜುಲೈನಿಂದ 20 ಸೆಂಟ್ ಆಗಿದೆ. ಹೆಸರು ಮಾರುವ ಕಂಪನಿಗಳಾದ ರಿಜಿಸ್ಟ್ರಾರ್‌ಗಳಲ್ಲಿ ಕೆಲವು ಇದನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸುತ್ತವೆ, ಉಳಿದವು ಬೆಲೆಯೊಳಗೇ ಸೇರಿಸಿಬಿಡುತ್ತವೆ.

ದುಡ್ಡು ಕಟ್ಟಿದವರಿಗೆ ಲೆಕ್ಕ ಕೇಳುವ ದಾರಿ ಇದೆ, ಆದರೆ ಅದು ನಮಗೆ ಗೊತ್ತಿರುವ ದಾರಿಯಲ್ಲ. ಊರಿನ ಹಾಲಿನ ಸೊಸೈಟಿಯಲ್ಲಿ ಷೇರು ಇರುವವರು ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಕಾರ್ಯದರ್ಶಿಯನ್ನು ಕೇಳಬಹುದು. ಐಕ್ಯಾನ್‌ಗೆ ಷೇರುದಾರರೂ ಇಲ್ಲ, ಸದಸ್ಯರೂ ಇಲ್ಲ. 1998ರಲ್ಲಿ ಕ್ಯಾಲಿಫೋರ್ನಿಯಾದ ಕಾನೂನಿನಡಿ ಹುಟ್ಟಿದ ಲಾಭರಹಿತ ಸಂಸ್ಥೆ ಅದು. 2016ರ ಅಕ್ಟೋಬರ್ 1ರವರೆಗೆ ಅಮೆರಿಕದ ವಾಣಿಜ್ಯ ಇಲಾಖೆಯ ಒಪ್ಪಂದವೇ ಅದರ ಮೇಲಿನ ಕೊನೆಯ ಹಿಡಿತವಾಗಿತ್ತು. ಒಪ್ಪಂದ ಮುಗಿಯುವ ಮುಂಚೆ ಎರಡು ವರ್ಷ ಹಗ್ಗಜಗ್ಗಾಟ ನಡೆಸಿ ಸಮುದಾಯದವರು ಬೈಲಾದಲ್ಲಿ ಒಂದಷ್ಟು ಅಧಿಕಾರ ಬರೆಸಿಕೊಂಡರು. ಈಗ ನಮ್ಮ ಕೈಯಲ್ಲಿರುವುದು ಅವೇ. ಎಲ್ಲವೂ ಗಡುವಿನ ಮೇಲೆ ನಡೆಯುತ್ತವೆ, ಎಲ್ಲದಕ್ಕೂ ಲಿಖಿತ ದಾಖಲೆ ಬೇಕು. ಮಾತಿನಲ್ಲಿ ಎಷ್ಟೇ ಗಟ್ಟಿಗರಾದರೂ ಈ ಎರಡರಲ್ಲಿ ಎಡವಿದರೆ ಕೆಲಸ ಕೆಟ್ಟಂತೆಯೇ.

ಮೊದಲು, ಬಾಗಿಲು ಸರಿಯೇ ನೋಡಿಕೊಳ್ಳಿ

ಹೊಸಬರ ದೂರುಗಳಲ್ಲಿ ಹಲವು ಐಕ್ಯಾನ್‌ಗೆ ಸಂಬಂಧಪಟ್ಟವೇ ಅಲ್ಲ. ಜಾಲತಾಣದಲ್ಲಿ ಏನು ಬರೆದಿದೆ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಭಾರತದಲ್ಲಿ ಒಂದು ತಾಣ ತೆರೆಯುತ್ತಿಲ್ಲವೆಂದರೆ ಅದು ಸರ್ಕಾರದ ಆದೇಶವೋ ಇಂಟರ್‌ನೆಟ್ ಕಂಪನಿಯ ಕೆಲಸವೋ ಆಗಿರುತ್ತದೆ. ಡಾಟ್ ಇನ್ ಮತ್ತು ಕನ್ನಡದಲ್ಲೇ ಬರೆಯುವ ಡಾಟ್ ಭಾರತ ಹೆಸರುಗಳ ಬೆಲೆ, ನಿಯಮ, ತಕರಾರು ಇವೆಲ್ಲ ದೆಹಲಿಯ ನಿಕ್ಸಿ ಸಂಸ್ಥೆಗೆ ಸೇರಿದ್ದು. ಐಪಿ ವಿಳಾಸ ಹಂಚಿಕೆಯ ನೀತಿ ಆಗುವುದು ಬ್ರಿಸ್ಬೇನ್‌ನ ಎಪಿನಿಕ್‌ನಲ್ಲಿ. ಕಂಪ್ಯೂಟರುಗಳು ಪರಸ್ಪರ ಮಾತಾಡುವ ನಿಯಮಗಳು, ಅಂದರೆ ಪ್ರೋಟೊಕಾಲ್‌ಗಳು, ಐಇಟಿಎಫ್ ಎಂಬ ತಂತ್ರಜ್ಞರ ವೇದಿಕೆಯಲ್ಲಿ ರೂಪುಗೊಳ್ಳುತ್ತವೆ, ಅಲ್ಲಿ ಸದಸ್ಯತ್ವವೂ ಇಲ್ಲ, ಮತದಾನವೂ ಇಲ್ಲ. ಜಿಲ್ಲಾ ಕೇಂದ್ರದಲ್ಲಿ ಸಣ್ಣ ಬ್ರಾಡ್‌ಬ್ಯಾಂಡ್ ಕಂಪನಿ ನಡೆಸುವವರಿಗೆ ಐಕ್ಯಾನ್‌ಗಿಂತ ಎಪಿನಿಕ್‌ನ ಚರ್ಚೆಯೇ ಹೆಚ್ಚು ಉಪಯೋಗ. ಅಲ್ಲಿ ಯಾರು ಬೇಕಾದರೂ ನೀತಿ ಪ್ರಸ್ತಾವ ಮುಂದಿಡಬಹುದು.

ಡಾಟ್ ಕಾಮ್, ಡಾಟ್ ಆರ್ಗ್ ಥರದ ಹೆಸರುಗಳ ನಿಯಮ, ಹೆಸರು ಕೊಂಡವರ ವಿವರ ಯಾರಿಗೆ ಕಾಣಬೇಕು, ಹೊಸ ಹೆಸರು-ತುದಿಗಳು (ಡಾಟ್ ಆದ ಮೇಲೆ ಬರುವ ಭಾಗ), ಆ ತುದಿಗಳ ಮೂಲ ಪಟ್ಟಿಯಾದ ರೂಟ್‌ನಲ್ಲಿ ಯಾವ ಲಿಪಿಯ ಯಾವ ಅಕ್ಷರ ಬರಬಹುದು: ಇವು ಐಕ್ಯಾನ್‌ನ ವಿಷಯಗಳು. ಕೊನೆಯದು ನಮಗೆ ಹತ್ತಿರದ್ದು. ಕನ್ನಡ ಸೇರಿ ಒಂಬತ್ತು ಲಿಪಿಗಳ ನಿಯಮಗಳನ್ನು ಬರೆದದ್ದು ನವ-ಬ್ರಾಹ್ಮಿ ಸಮಿತಿ ಎಂಬ ಸ್ವಯಂಸೇವಕರ ಗುಂಪು. ಕನ್ನಡದ ನಿಯಮ 2019ರಲ್ಲಿ ರೂಟ್‌ನ ನಿಯಮಾವಳಿಗೆ ಸೇರಿತು. "ನಗರ" ಎಂಬ ಪದವನ್ನು ಕನ್ನಡದಲ್ಲೂ ತೆಲುಗಿನಲ್ಲೂ ಸಣ್ಣ ಅಕ್ಷರದಲ್ಲಿ ಬರೆದು ಪಕ್ಕಪಕ್ಕ ಇಟ್ಟು ನೋಡಿ. ತಲೆಕಟ್ಟಿನ ಸಣ್ಣ ವ್ಯತ್ಯಾಸ ಬಿಟ್ಟರೆ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಮೋಸಗಾರರಿಗೆ ಇಷ್ಟು ಸಾಕು. ಅದಕ್ಕೇ ಇಂಥ ಜೋಡಿಗಳನ್ನು ವೇರಿಯಂಟ್ ಎಂದು ಗುರುತಿಸಿ, ಒಂದು ಲಿಪಿಯಲ್ಲಿ ಹೆಸರು ಹಂಚಿಕೆಯಾದರೆ ಇನ್ನೊಂದು ಲಿಪಿಯ ಅವಳಿಯನ್ನು ತಡೆಹಿಡಿಯುವ ವ್ಯವಸ್ಥೆ ಮಾಡಿದ್ದಾರೆ. ಇದನ್ನು ನಿರ್ಧರಿಸಲು ಬೇಕಾದದ್ದು ಎರಡೂ ಲಿಪಿ ಓದಬಲ್ಲವರ ಕಣ್ಣು, ಅಂಥವರು ಬಳ್ಳಾರಿ, ರಾಯಚೂರುಗಳಲ್ಲಿ ಬೀದಿಗೊಬ್ಬರು ಸಿಗುತ್ತಾರೆ.

ಒಳಗೆ ಸೇರುವುದು

ವ್ಯಕ್ತಿಯಾಗಿ, ಶುಲ್ಕವಿಲ್ಲದೆ ಸೇರಲು ಮುಖ್ಯವಾಗಿ ಎರಡು ದಾರಿ. ಸಾಮಾನ್ಯ ಬಳಕೆದಾರರ ಪರವಾಗಿ ಕೂರುವುದು ಆಟ್-ಲಾರ್ಜ್. ಏಷ್ಯಾ-ಪೆಸಿಫಿಕ್‌ಗೆ ಅದರ ಪ್ರಾದೇಶಿಕ ಸಂಘಟನೆ ಅಪ್ರಾಲೊ. ಇನ್ನೊಂದು, ಡಾಟ್ ಕಾಮ್ ಥರದ ಹೆಸರುಗಳ ನೀತಿ ನೋಡಿಕೊಳ್ಳುವ ಜಿಎನ್‌ಎಸ್‌ಒ ಒಳಗಿನ ವಾಣಿಜ್ಯೇತರರ ಗುಂಪು ಎನ್‌ಸಿಎಸ್‌ಜಿ. ಮೊದಲು ಅದಕ್ಕೆ ಅರ್ಜಿ ಹಾಕಿ, ಅದರೊಳಗೆ ವಾಣಿಜ್ಯೇತರ ಬಳಕೆದಾರರ ಎನ್‌ಸಿಯುಸಿ ಅಥವಾ ಲಾಭರಹಿತ ಸಂಸ್ಥೆಗಳ ಎನ್‌ಪಿಒಸಿ ಆರಿಸಿಕೊಳ್ಳಬೇಕು. ವ್ಯತ್ಯಾಸ ಸರಳ: ಜಿಎನ್‌ಎಸ್‌ಒ ನೀತಿಯನ್ನು ರೂಪಿಸುತ್ತದೆ, ಆಟ್-ಲಾರ್ಜ್ ಸಲಹೆ ಕೊಡುತ್ತದೆ. ಖಾಸಗಿತನ, ವಾಕ್‌ಸ್ವಾತಂತ್ರ್ಯದಂಥ ಒಂದು ವಿಷಯದ ಬಗ್ಗೆ ಖಚಿತ ನಿಲುವಿದ್ದವರಿಗೆ ಎನ್‌ಸಿಯುಸಿ ಹೊಂದುತ್ತದೆ. ಊರಿನಲ್ಲಿ ಬಳಕೆದಾರರ ಸಂಘ ಕಟ್ಟಿ ಕೆಲಸ ಮಾಡುವವರಿಗೆ ಆಟ್-ಲಾರ್ಜ್. ಎರಡಕ್ಕೂ ಒಮ್ಮೆಗೇ ಸೇರಿ ಯಾವುದರಲ್ಲೂ ಕಾಣದೇ ಹೋದವರು ಬೇಕಾದಷ್ಟು ಜನ.

ಸೇರಿದ ತಕ್ಷಣ ಮಾತಾಡಲು ಹೋಗಬೇಡಿ. ಮೊದಲ ಎರಡು ತಿಂಗಳು ಒಂದೇ ಒಂದು ವರ್ಕಿಂಗ್ ಗ್ರೂಪ್ ಆರಿಸಿಕೊಂಡು ವೀಕ್ಷಕರಾಗಿ ಇರಿ. ಅದರ ಚಾರ್ಟರ್ ಓದಿ. ಯಾವ ಪ್ರಶ್ನೆಗೆ ಉತ್ತರ ಹುಡುಕಲು ಗುಂಪು ಹುಟ್ಟಿದೆಯೋ ಅದು ಅಲ್ಲಿರುತ್ತದೆ, ಅದರಾಚೆಗಿನ ಮಾತನ್ನು ಅಧ್ಯಕ್ಷರು ಪಕ್ಕಕ್ಕಿಡುತ್ತಾರೆ. ಕಳೆದ ಐದಾರು ಸಭೆಗಳ ಮಾತಿನ ಬರಹರೂಪ ಓದಿದರೆ ಯಾರು ಯಾರ ಕಡೆಯವರು, ಯಾವ ವಾದ ಈಗಾಗಲೇ ಸೋತಿದೆ ಎಂಬುದು ತಿಳಿಯುತ್ತದೆ. ಸೋತ ವಾದವನ್ನೇ ಹೊಸದೆಂಬಂತೆ ತಂದಿಟ್ಟರೆ ಯಾರೂ ಜಗಳವಾಡುವುದಿಲ್ಲ, ನಯವಾಗಿ ನಿರ್ಲಕ್ಷಿಸುತ್ತಾರೆ.

ಪೂರ್ಣ ಸದಸ್ಯರಾಗಬೇಕಾದರೆ ಹಿತಾಸಕ್ತಿ ಘೋಷಣೆ ಸಲ್ಲಿಸಬೇಕು: ಎಲ್ಲಿ ಕೆಲಸ, ಯಾರ ಪರವಾಗಿ ಬಂದಿದ್ದೀರಿ, ವಿಷಯದಲ್ಲಿ ಹಣದ ಸಂಬಂಧ ಇದೆಯೇ. ನಿಮ್ಮ ಕಂಪನಿ ಯಾವುದೋ ರಿಜಿಸ್ಟ್ರಿಗೆ (ಒಂದು ಹೆಸರು-ತುದಿಯನ್ನು ನಡೆಸುವ ಸಂಸ್ಥೆಗೆ) ಸಾಫ್ಟ್‌ವೇರ್ ಬರೆದುಕೊಡುತ್ತಿದ್ದರೆ ಅದನ್ನೂ ಬರೆಯಿರಿ. ಬೆಂಗಳೂರಿನ ಐಟಿಯವರು ಇಲ್ಲೇ ಎಡವುವುದು: "ನಾನು ಬೇರೆ ಪ್ರಾಜೆಕ್ಟ್‌ನಲ್ಲಿದ್ದೇನೆ" ಎಂಬುದು ಇಲ್ಲಿ ಉತ್ತರವಲ್ಲ. ಘೋಷಣೆ ಎಲ್ಲರಿಗೂ ಕಾಣುತ್ತದೆ. ನೀವೂ ಬೇರೆಯವರದನ್ನು ಓದಿ. ವಕೀಲರು ಕಕ್ಷಿದಾರರ ಹೆಸರು ಮುಚ್ಚಿಡಬಹುದೇ ಎಂಬ ಬಗ್ಗೆ ಜಿಎನ್‌ಎಸ್‌ಒದಲ್ಲಿ ದೊಡ್ಡ ಜಟಾಪಟಿಯೇ ನಡೆದಿದೆ ಎಂದರೆ ಈ ಒಂದು ಪುಟದ ಬೆಲೆ ಊಹಿಸಿಕೊಳ್ಳಿ.

ಇನ್ನು ಗಡಿಯಾರದ ಮಾತು. ಗುಂಪಿನ ಸಭೆಗಳ ವೇಳೆ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ವೇಳೆಯಲ್ಲಿರುತ್ತದೆ, ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. 13:00 ಎಂದರೆ ನಮಗೆ ಸಂಜೆ ಆರೂವರೆ, ಪರವಾಗಿಲ್ಲ. 20:00 ಎಂದರೆ ರಾತ್ರಿ ಒಂದೂವರೆ, ಅದೂ ಮರುದಿನದ ತಾರೀಖಿನಲ್ಲಿ. ಗುಂಪಿನ ಸಭೆ ಸದಾ ಅಮೆರಿಕ-ಯುರೋಪಿಗೆ ಅನುಕೂಲದ ವೇಳೆಯಲ್ಲೇ ಇದ್ದರೆ, ಸರದಿಯ ಮೇಲೆ ವೇಳೆ ಬದಲಿಸಿ ಎಂದು ಮೊದಲ ತಿಂಗಳಲ್ಲೇ ಬರೆದು ಕೇಳಿ. ಆರು ತಿಂಗಳಾದ ಮೇಲೆ ಕೇಳಿದರೆ ಎಲ್ಲರ ದಿನಚರಿ ಗಟ್ಟಿಯಾಗಿಬಿಟ್ಟಿರುತ್ತದೆ.

ಸಾರ್ವಜನಿಕ ಅಭಿಪ್ರಾಯ: ಇಲ್ಲಿ ಸಂಖ್ಯೆಗೆ ಬೆಲೆ ಕಡಿಮೆ

ನೀತಿ, ಬಜೆಟ್, ಒಪ್ಪಂದದ ಕರಡುಗಳನ್ನು ಸಾಮಾನ್ಯವಾಗಿ 40 ದಿನ ಸಾರ್ವಜನಿಕ ಅಭಿಪ್ರಾಯಕ್ಕೆ ಇಡುತ್ತಾರೆ. ಯಾರು ಬೇಕಾದರೂ ಬರೆಯಬಹುದು, ಯಾವ ಗುಂಪಿಗೂ ಸೇರಿರಬೇಕಿಲ್ಲ.

2019ರಲ್ಲಿ ಡಾಟ್ ಆರ್ಗ್ ನಡೆಸುವ ರಿಜಿಸ್ಟ್ರಿಯ ಜೊತೆ ಐಕ್ಯಾನ್ ಮಾಡಿಕೊಂಡಿದ್ದ ಒಪ್ಪಂದ ನವೀಕರಣಕ್ಕೆ ಬಂತು. ಬೆಲೆ ಏರಿಕೆಗೆ ಇದ್ದ ಮಿತಿಯನ್ನು ತೆಗೆದುಹಾಕುವುದು ಕರಡಿನಲ್ಲಿತ್ತು. ಮೂರು ಸಾವಿರಕ್ಕೂ ಹೆಚ್ಚು ಅಭಿಪ್ರಾಯ ಬಂದವು, ಹೆಚ್ಚುಕಡಿಮೆ ಎಲ್ಲವೂ ವಿರೋಧ. ಜೂನ್ 30ಕ್ಕೆ ಮಿತಿ ಹೋಗಿಯೇ ಹೋಯಿತು. ಅನ್ಯಾಯ ಹೌದು, ಆದರೆ ಅದರಲ್ಲಿ ಸ್ವಯಂಸೇವಕರಿಗೆ ಕಲಿಯಲು ಎರಡು ಸಂಗತಿ ಇವೆ. ಒಂದು, ಒಂದೇ ಮಾದರಿಯ ಪತ್ರವನ್ನು ಸಾವಿರ ಜನ ಕಳಿಸಿದರೆ ಸಿಬ್ಬಂದಿ ಅದನ್ನು ಒಂದು ವಾದವೆಂದು ಬರೆದುಕೊಳ್ಳುತ್ತಾರೆ. ಇದು ಸಹಿ ಸಂಗ್ರಹವಲ್ಲ. ಎರಡು, ದಾಖಲೆಯಲ್ಲಿ ಸೇರಿದ ಮಾತು ಮುಂದೆ ಕೆಲಸಕ್ಕೆ ಬರುತ್ತದೆ. ಅದೇ ಮಿತಿಯ ವಿಷಯವನ್ನು ಒಂದು ರಿಜಿಸ್ಟ್ರಾರ್ ಸ್ವತಂತ್ರ ಪಂಚರ ಮುಂದೆ ಒಯ್ದಿತು. ನಿರ್ಧಾರ ಕೈಗೊಂಡ ರೀತಿ ಬೈಲಾದ ಮುಕ್ತತೆಯ ನಿಯಮಕ್ಕೆ ತಕ್ಕಂತೆ ಇರಲಿಲ್ಲವೆಂದು ಪಂಚರು 2022ರ ಕೊನೆಯಲ್ಲಿ ಹೇಳಿದರು. ಈ ನಡುವೆ ಡಾಟ್ ಆರ್ಗ್ ರಿಜಿಸ್ಟ್ರಿಯನ್ನೇ 113.5 ಕೋಟಿ ಡಾಲರಿಗೆ ಖಾಸಗಿ ಹೂಡಿಕೆದಾರರಿಗೆ ಮಾರುವ ಪ್ರಸ್ತಾವ ಬಂದಿತ್ತು. ಲಾಭರಹಿತ ಸಂಸ್ಥೆಗಳು ಬೀದಿಗಿಳಿದವು, ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಪತ್ರ ಬರೆದರು, 2020ರ ಏಪ್ರಿಲ್ 30ರಂದು ಐಕ್ಯಾನ್‌ನ ಬೋರ್ಡ್, ಅಂದರೆ ನಿರ್ದೇಶಕರ ಮಂಡಳಿ, ಒಪ್ಪಿಗೆ ನಿರಾಕರಿಸಿತು.

ಹಾಗಾದರೆ ಹೇಗೆ ಬರೆಯಬೇಕು? ಎರಡು ಪುಟ ಸಾಕು. ಮೊದಲ ಸಾಲಿನಲ್ಲೇ ನೀವು ಯಾರು, ಯಾರ ಪರವಾಗಿ ಬರೆಯುತ್ತಿದ್ದೀರಿ. ಆಮೇಲೆ ಕರಡಿನ ಶಿಫಾರಸಿನ ಸಂಖ್ಯೆ, ಪುಟ, ಪ್ಯಾರಾ. ನಂತರ ಈಗಿರುವ ವಾಕ್ಯ, ಅದರಿಂದ ಯಾರಿಗೆ ಏನು ತೊಂದರೆ, ಅದರ ಬದಲು ಇರಬೇಕಾದ ವಾಕ್ಯ. ಕೊನೆಯದೇ ಎಲ್ಲಕ್ಕಿಂತ ಮುಖ್ಯ. "ಈ ನಿಯಮದಿಂದ ಕನ್ನಡಕ್ಕೆ ಅನ್ಯಾಯವಾಗುತ್ತದೆ" ಎಂದು ಬರೆದರೆ ಸಾರಾಂಶದಲ್ಲಿ "ಒಬ್ಬರು ಆತಂಕ ವ್ಯಕ್ತಪಡಿಸಿದರು" ಎಂದಾಗುತ್ತದೆ. "ಇಂಥ ಕೋಷ್ಟಕದಲ್ಲಿ ಈ ಎರಡು ಅಕ್ಷರಗಳನ್ನು ವೇರಿಯಂಟ್ ಎಂದು ಸೇರಿಸಿಲ್ಲ. ಸಾಮಾನ್ಯ ಬಳಕೆಯ ಮೂರು ಫಾಂಟ್‌ಗಳಲ್ಲಿ ಅವು ಹೀಗೆ ಕಾಣುತ್ತವೆ, ಚಿತ್ರ ಲಗತ್ತಿಸಿದೆ. ಜೋಡಿಯನ್ನು ಸೇರಿಸಬೇಕು" ಎಂದು ಬರೆದರೆ ಸಮಿತಿ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ, ಒಪ್ಪದಿದ್ದರೆ ಕಾರಣ ಬರೆಯಬೇಕಾಗುತ್ತದೆ. ನೀವು ಬಯಸುವುದೂ ಅದನ್ನೇ.

ಕನ್ನಡದಲ್ಲಿ ಬರೆದರೆ ಆಗದೇ ಎಂದು ಕೇಳುವವರಿದ್ದಾರೆ. ಐಕ್ಯಾನ್‌ನ ಅನುವಾದ ವಿಶ್ವಸಂಸ್ಥೆಯ ಆರು ಭಾಷೆಗಳಿಗೆ ಸೀಮಿತ. ಇಂಗ್ಲಿಷಿನಲ್ಲೇ ಬರೆಯಬೇಕು, ಆದರೆ ಸಣ್ಣ ವಾಕ್ಯಗಳಲ್ಲಿ. ಕರಡನ್ನು ಊರಿನ ನಾಲ್ಕು ಜನ ಕನ್ನಡದಲ್ಲಿ ಕೂತು ಚರ್ಚಿಸಿ ಒಬ್ಬರು ಇಂಗ್ಲಿಷಿಗಿಳಿಸುವುದು ಚೆನ್ನಾಗಿ ನಡೆಯುತ್ತದೆ.

ಗಡುವಿನಲ್ಲೂ ಒಂದು ಗುಂಡಿ ಇದೆ. 23:59 ಯುಟಿಸಿ ಎಂದರೆ ನಮಗೆ ಮರುದಿನ ಬೆಳಗ್ಗೆ 5:29. ಕೆಲವರು ಇದನ್ನು ಹೆಚ್ಚುವರಿ ರಾತ್ರಿ ಎಂದುಕೊಂಡು ಕೊನೆಗೆ ನಿದ್ದೆ ಹೋಗುತ್ತಾರೆ. ಹಿಂದಿನ ದಿನವೇ ಕಳಿಸಿ, ಪ್ರಕಟವಾಗಿದೆಯೇ ನೋಡಿ. ಅವಧಿ ಮುಗಿದ ಮೇಲೆ ಸಿಬ್ಬಂದಿ ಸಾರಾಂಶ ವರದಿ ಹಾಕುತ್ತಾರೆ. ಅದರಲ್ಲಿ ನಿಮ್ಮ ಮಾತು ತಿರುಚಿಕೊಂಡಿದ್ದರೆ ಅಂದೇ ಬರೆದು ತಿದ್ದಿಸಿ, ಏಕೆಂದರೆ ಅವಸರದಲ್ಲಿರುವವರು ಮೂಲ ಪತ್ರ ಬಿಟ್ಟು ಸಾರಾಂಶವನ್ನೇ ನೋಡುತ್ತಾರೆ.

ಒಮ್ಮತ ಎಂದರೆ ಯಾರ ಮತ?

ಜಿಎನ್‌ಎಸ್‌ಒ ವರ್ಕಿಂಗ್ ಗ್ರೂಪ್‌ಗಳಲ್ಲಿ ಕೈ ಎತ್ತಿ ಎಣಿಸುವುದಿಲ್ಲ. ಶಿಫಾರಸು ಯಾವ ಮಟ್ಟದಲ್ಲಿದೆ ಎಂದು ಅಧ್ಯಕ್ಷರು ಗುರುತಿಸುತ್ತಾರೆ: ಪೂರ್ಣ ಒಮ್ಮತ, ಒಮ್ಮತ, ಗಟ್ಟಿ ಬೆಂಬಲವಿದ್ದರೂ ಗಣನೀಯ ವಿರೋಧ, ಭಿನ್ನಾಭಿಪ್ರಾಯ. ಅಧ್ಯಕ್ಷರ ಈ ಗುರುತನ್ನು ಪ್ರಶ್ನಿಸಬಹುದು. ಹೆಚ್ಚಿನವರು ಮಾಡುವ ತಪ್ಪೆಂದರೆ ಸಭೆಯಲ್ಲಿ ವಿರೋಧಿಸಿ, ಗುರುತಿಸುವ ವಾರದಲ್ಲಿ ಸುಮ್ಮನಿರುವುದು. ಆ ವಾರದ ಮೌನ ಒಪ್ಪಿಗೆಯಾಗುತ್ತದೆ. ಒಪ್ಪದಿದ್ದರೆ ಎರಡು ಸಾಲು ಬರೆಯಿರಿ, ಅಂತಿಮ ವರದಿಗೆ ಅಲ್ಪಮತದ ಹೇಳಿಕೆ ಸೇರಿಸಿ ಎಂದು ಕೇಳಿ. ಸಂಬಳಕ್ಕೆ ಬರುವವರು ಎಂದೂ ಈ ವಾರ ತಪ್ಪಿಸುವುದಿಲ್ಲ, ಸ್ವಯಂಸೇವಕರು ತಪ್ಪಿಸುವುದೇ ಈ ವಾರವನ್ನು.

ಲೆಕ್ಕ ಕೇಳುವ ಹತಾರಗಳು

ಮೊದಲನೆಯದು ಡಿಐಡಿಪಿ, ಐಕ್ಯಾನ್‌ನ ಮಾಹಿತಿ ಹಕ್ಕು ಅನ್ನಬಹುದು. ನಮ್ಮ 2005ರ ಕಾಯ್ದೆಯಂತೆಯೇ ಇಲ್ಲೂ 30 ದಿನದ ಗಡುವು, 10 ರೂಪಾಯಿಯ ಶುಲ್ಕವೂ ಇಲ್ಲ. ಆರ್‌ಟಿಐ ಹಾಕಿ ಪಳಗಿದವರಿಗೆ ಇದರ ಪಟ್ಟುಗಳು ಗೊತ್ತೇ ಇವೆ: ಇರುವ ಕಡತ ಕೊಡುತ್ತಾರೆಯೇ ಹೊರತು ಹೊಸದಾಗಿ ಬರೆದುಕೊಡುವುದಿಲ್ಲ. "ಯಾಕೆ ಹೀಗೆ ಮಾಡಿದಿರಿ" ಎಂದು ಕೇಳಿದರೆ ಉತ್ತರ ಬರುವುದಿಲ್ಲ. "ಇಂಥ ದಿನದಿಂದ ಇಂಥ ದಿನದವರೆಗೆ, ಇಂಥ ಒಪ್ಪಂದದ ಬಗ್ಗೆ, ಐಕ್ಯಾನ್ ಮತ್ತು ಇಂಥ ರಿಜಿಸ್ಟ್ರಿಯ ನಡುವಿನ ಪತ್ರಗಳು" ಎಂದು ಕೇಳಿ. ಆಂತರಿಕ ಚರ್ಚೆ, ವಕೀಲರ ಸಲಹೆ, ವ್ಯಾಪಾರ ರಹಸ್ಯ ಎಂಬ ಕಾರಣ ಕೊಟ್ಟು ನಿರಾಕರಿಸುವುದುಂಟು. ಹಾಗಾಗಿ ಅರ್ಜಿಯಲ್ಲೇ ಸಾರ್ವಜನಿಕ ಹಿತ ಏನೆಂದು ಒಂದು ಪ್ಯಾರಾ ಬರೆದಿಡಿ.

ಎರಡನೆಯದು ಒಂಬಡ್ಸ್ ಕಚೇರಿ. ಸಭೆಯಲ್ಲಿ ಕಿರುಕುಳ, ಮಾತಾಡಲು ಬಿಡದಿರುವುದು, ಪ್ರಕ್ರಿಯೆಯಲ್ಲಿ ತಾರತಮ್ಯ ಆದರೆ ಇಲ್ಲಿಗೆ. ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ, ಆದರೂ ಸಣ್ಣ ತಕರಾರು ಬೇಗ ಇತ್ಯರ್ಥವಾಗುವುದು ಇಲ್ಲೇ.

ಮೂರನೆಯದು ಮರುಪರಿಶೀಲನಾ ಅರ್ಜಿ. ಬೋರ್ಡ್ ಅಥವಾ ಸಿಬ್ಬಂದಿ ಬೈಲಾಕ್ಕೆ, ಇರುವ ನೀತಿಗೆ ವಿರುದ್ಧವಾಗಿ ನಡೆದಿದ್ದರೆ, ಮುಖ್ಯ ಮಾಹಿತಿಯನ್ನು ಗಮನಿಸದೆ ಅಥವಾ ತಪ್ಪು ಮಾಹಿತಿ ನಂಬಿ ತೀರ್ಮಾನಿಸಿದ್ದರೆ ಹಾಕಬಹುದು. ಗಡುವು 30 ದಿನ. ಬೋರ್ಡಿನ ತೀರ್ಮಾನವಾದರೆ ಅದು ಪ್ರಕಟವಾದ ದಿನದಿಂದ ಎಣಿಕೆ, ಸಿಬ್ಬಂದಿಯ ಕೆಲಸವಾದರೆ ನಿಮಗೆ ಗೊತ್ತಾದ ಅಥವಾ ಗೊತ್ತಾಗಬೇಕಿದ್ದ ದಿನದಿಂದ. ವಾದಕ್ಕೆ 25 ಪುಟದ ಮಿತಿ, 12 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಎರಡರಷ್ಟು ಜಾಗ. ಅರ್ಜಿದಾರರಿಗೆ ನೇರವಾಗಿ ಆದ ತೊಂದರೆ ತೋರಿಸಬೇಕು. "ತೀರ್ಮಾನ ನನಗೆ ಹಿಡಿಸಲಿಲ್ಲ" ಎಂಬ ಅರ್ಜಿಗಳು ಬಾಗಿಲಲ್ಲೇ ಬೀಳುತ್ತವೆ.

ನಿಜ ಹೇಳಬೇಕೆಂದರೆ ಬಹುಪಾಲು ಅರ್ಜಿಗಳು ತಿರಸ್ಕೃತವಾಗುತ್ತವೆ. ತೀರ್ಮಾನ ಮಾಡಿದ ಬೋರ್ಡೇ ಮೇಲ್ಮನವಿಯನ್ನೂ ಕೇಳುತ್ತದೆ, ಕದ್ದವನ ಕೈಗೇ ಪಂಚಾಯಿತಿ ಕೊಟ್ಟಂತೆ ಎಂದು ಗೊಣಗುವವರಿಗೆ ಉತ್ತರವಿಲ್ಲ. ಆದರೂ ಹಾಕಿ. ತಿರಸ್ಕರಿಸುವಾಗ ಕಾರಣ ಬರೆಯಬೇಕಾಗುತ್ತದೆ, ಆ ಕಾರಣವೇ ಮುಂದಿನ ಮೆಟ್ಟಿಲು.

ಆ ಮೆಟ್ಟಿಲು ಸ್ವತಂತ್ರ ಪರಿಶೀಲನೆ, ಐಆರ್‌ಪಿ. ಮೂವರು ಪಂಚರ ತೀರ್ಪು. ಪಂಚರ ಮತ್ತು ಆಡಳಿತದ ಖರ್ಚನ್ನು ಐಕ್ಯಾನ್ ಭರಿಸುತ್ತದೆ, ವಕೀಲರ ಖರ್ಚು ಮಾತ್ರ ನಿಮ್ಮದು, ಅದು ಒಬ್ಬ ವ್ಯಕ್ತಿಯ ಕೈಗೆಟಕುವಂಥದ್ದಲ್ಲ. ಡಾಟ್ ಆಫ್ರಿಕಾ ವಿವಾದದಲ್ಲಿ 2015ರಲ್ಲಿ ಐಕ್ಯಾನ್ ಸೋತದ್ದು ಇಲ್ಲೇ.

ಬೋರ್ಡನ್ನೇ ತಡೆಯಬೇಕಾದರೆ

2016ರಲ್ಲಿ ಬಂದ ದೊಡ್ಡ ಹತಾರ ಸಶಕ್ತ ಸಮುದಾಯ. ಐದು ಗುಂಪುಗಳು ಅದರಲ್ಲಿವೆ: ಐಪಿ ವಿಳಾಸದವರ ಎಎಸ್‌ಒ, ಡಾಟ್ ಇನ್ ಥರದ ದೇಶದ ಹೆಸರಿನವರ ಸಿಸಿಎನ್‌ಎಸ್‌ಒ, ಜಿಎನ್‌ಎಸ್‌ಒ, ಆಟ್-ಲಾರ್ಜ್‌ನ ಅಲಾಕ್, ಸರ್ಕಾರಗಳ ಗ್ಯಾಕ್. ಇವು ಸೇರಿ ಬಜೆಟ್, ಕಾರ್ಯಯೋಜನೆ, ಬೈಲಾ ತಿದ್ದುಪಡಿ ತಿರಸ್ಕರಿಸಬಹುದು, ನಿರ್ದೇಶಕರನ್ನು ಕೆಳಗಿಳಿಸಬಹುದು, ಇಡೀ ಬೋರ್ಡನ್ನೇ ವಾಪಸ್ ಕರೆಸಬಹುದು.

ಹೆಚ್ಚಿನವರಿಗೆ ತಿಳಿಯದ ಸಂಗತಿ: ತಿರಸ್ಕಾರದ ಮನವಿಯನ್ನು ಒಬ್ಬ ವ್ಯಕ್ತಿಯೂ ಈ ಗುಂಪುಗಳಲ್ಲೊಂದಕ್ಕೆ ಸಲ್ಲಿಸಬಹುದು. ಬೋರ್ಡ್ ಸೂಚನೆ ಹೊರಡಿಸಿದ ದಿನದಿಂದ 21 ದಿನದೊಳಗೆ ನಿಮ್ಮ ಮನವಿಯನ್ನು ಗುಂಪು ಅಂಗೀಕರಿಸಿ ಮುಂದೆ ಕಳಿಸಬೇಕು. ಮುಂದಿನ 7 ದಿನದಲ್ಲಿ ಇನ್ನೊಂದು ಗುಂಪಿನ ಬೆಂಬಲ ಸಿಗಬೇಕು. ಆಮೇಲೆ 21 ದಿನದೊಳಗೆ ಬಹಿರಂಗ ಚರ್ಚೆ, ನಂತರ 21 ದಿನದಲ್ಲಿ ತೀರ್ಮಾನ. ಬಜೆಟ್ ತಿರಸ್ಕರಿಸಲು ನಾಲ್ಕು ಗುಂಪುಗಳ ಬೆಂಬಲ ಬೇಕು, ಒಂದಕ್ಕಿಂತ ಹೆಚ್ಚು ಗುಂಪು ವಿರೋಧಿಸಿರಬಾರದು. ಈ ಗಡುವುಗಳು ಯುಟಿಸಿಯಲ್ಲಲ್ಲ, ಐಕ್ಯಾನ್‌ನ ಮುಖ್ಯ ಕಚೇರಿಯ, ಅಂದರೆ ಲಾಸ್ ಏಂಜಲೀಸ್‌ನ ರಾತ್ರಿ 11:59ಕ್ಕೆ ಮುಗಿಯುತ್ತವೆ. ಅವರ ಬೇಸಿಗೆಯಲ್ಲಿ ಅದು ನಮಗೆ ಮರುದಿನ ಮಧ್ಯಾಹ್ನ 12:29, ಚಳಿಗಾಲದಲ್ಲಿ 1:29.

21 ದಿನ ಬಹಳ ಎನಿಸಬಹುದು. ಗುಂಪುಗಳ ಒಳಗಿನ ಮತದಾನಕ್ಕೇ ಒಂದು ವಾರ ಹೋಗುತ್ತದೆ. ಹಾಗಾಗಿ ಮನವಿ ನಿಮ್ಮ ಗುಂಪಿನ ಮೇಜಿಗೆ ಮೊದಲ ಹತ್ತು ದಿನದಲ್ಲಿ ಬರಬೇಕು, ಎರಡನೇ ಗುಂಪಿನಲ್ಲಿ ಯಾರು ಬೆಂಬಲಿಸುತ್ತಾರೆಂದು ಅದಕ್ಕೂ ಮುಂಚೆ ಮಾತಾಗಿರಬೇಕು. ಏಳು ದಿನದಲ್ಲಿ ಹೊಸ ಸ್ನೇಹ ಬೆಳೆಸಲಾಗದು.

ನಿಮ್ಮ ಲೆಕ್ಕ ಯಾರು ಕೇಳಬೇಕು?

ಬೋರ್ಡಿನ ಲೆಕ್ಕ ಕೇಳುವ ಸ್ವಯಂಸೇವಕರ ಲೆಕ್ಕವನ್ನೂ ಯಾರಾದರೂ ಕೇಳಬೇಕಲ್ಲ. ಐಕ್ಯಾನ್‌ನ ಹೊಣೆಗಾರಿಕೆ ಹೆಚ್ಚಿಸಲೆಂದು 2019ರ ನವೆಂಬರಿನಲ್ಲಿ ಬೋರ್ಡ್ ಒಪ್ಪಿದ ಶಿಫಾರಸುಗಳಲ್ಲಿ ಗುಂಪುಗಳ ಸ್ವಂತ ಹೊಣೆಗಾರಿಕೆಯೂ ಒಂದು ಭಾಗ. ಅಲಾಕ್ ಸದಸ್ಯರ ಹಾಜರಿ ಪಟ್ಟಿ ಎಲ್ಲರಿಗೂ ತೆರೆದಿರುತ್ತದೆ, ವರ್ಕಿಂಗ್ ಗ್ರೂಪ್‌ಗಳದ್ದೂ. ನಿಮ್ಮ ಪ್ರದೇಶದ ಪ್ರತಿನಿಧಿ ವರ್ಷಕ್ಕೆ ಎಷ್ಟು ಸಭೆಗೆ ಬಂದಿದ್ದಾರೆ, ಎಷ್ಟು ಕರಡಿಗೆ ಬರೆದಿದ್ದಾರೆ ನೋಡಿ, ಮುಂದಿನ ಚುನಾವಣೆಯಲ್ಲಿ ಕೇಳಿ. ಪ್ರಯಾಣ ವೆಚ್ಚ ಪಡೆದು ವರ್ಷಕ್ಕೆ ಮೂರು ಸಭೆ ಸುತ್ತಿ ಬಂದು ಒಂದು ಪುಟ ವರದಿ ಬರೆಯದವರು ಎಲ್ಲ ದೇಶದಲ್ಲೂ ಇದ್ದಾರೆ. ನೀವೇ ಫೆಲೋಶಿಪ್ ಪಡೆದು ಹೋಗುವವರಾದರೆ, ಹೋಗುವ ಮುಂಚೆಯೇ ಯಾವ ಕರಡಿನ ಯಾವ ಪ್ಯಾರಾಕ್ಕಾಗಿ ಯಾರನ್ನು ಕಾಣಬೇಕೆಂದು ಗೊತ್ತಿರಲಿ. ಇಲ್ಲವಾದರೆ ಇಡೀ ಸಭೆ ಕಾಫಿ ಕುಡಿಯುವುದರಲ್ಲೇ ಕಳೆದುಹೋಗುತ್ತದೆ. ದೂರದಿಂದ ಭಾಗವಹಿಸಲು ವೀಸಾ ಬೇಡ, ನೋಂದಣಿ ಸಾಕು.

ವಾರಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಕೊಡುವೆ ಎಂದು ಮಾತು ಕೊಡಬೇಡಿ. ಒಂದೂವರೆ ಗಂಟೆ ಸಭೆ, ಎರಡು ಗಂಟೆ ಓದು, ಉಳಿದದ್ದು ಬರಹ. ಬಿಡುವುದಾದರೆ ಮಧ್ಯರಾತ್ರಿ ಮಾಯವಾಗದೆ ಎರಡು ತಿಂಗಳು ಮುಂಚೆ ಹೇಳಿ, ಇನ್ನೊಬ್ಬರನ್ನು ಸಭೆಗೆ ಕರೆತನ್ನಿ. ಅವರ ಕೈಗೆ ಒಂದು ಫೋಲ್ಡರ್ ಕೊಡಿ: ಚಾರ್ಟರ್, ನೀವು ಬರೆದ ಅಭಿಪ್ರಾಯಗಳು, ಸಿಬ್ಬಂದಿಯ ಉತ್ತರಗಳು, ಯಾರು ಯಾವ ವಿಷಯದಲ್ಲಿ ಮಾತು ಕೊಟ್ಟಿದ್ದಾರೆಂಬ ಒಂದು ಪುಟ, ಮತ್ತು ಮುಂದಿನ ಆರು ತಿಂಗಳ ಗಡುವುಗಳನ್ನು ಭಾರತದ ವೇಳೆಗೆ ಇಳಿಸಿ ಬರೆದ ಕ್ಯಾಲೆಂಡರ್.